ಗಂಡುಮಕ್ಕಳು ಸಿಕ್ಕರು, ಮೂರನೇ ಮಗಳು ಸಿಗಲಿಲ್ಲ: ಒಂದು ವಂಶವೃಕ್ಷ ವೆಬ್‌ಸೈಟಿಗೆ ಎರಡು ವರ್ಷ ದುಡ್ಡು ಕಟ್ಟಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಹುಡುಕಿದ್ದು ನಮ್ಮ ವಂಶವನ್ನಲ್ಲ. ನಾವಿರುವುದು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಎರಡು ವರ್ಷದ ಹಿಂದೆ ಲಿಕಿಂಗ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಯಾರೋ ಹಳೆ ಮನೆ ಖಾಲಿ ಮಾಡುತ್ತಿದ್ದರು. ಕುರ್ಚಿ ತರಲು ಹೋದವಳು ಹನ್ನೆರಡು ಡಾಲರ್ ಕೊಟ್ಟು ಒಂದು ಬೈಬಲ್ ತಂದೆ. ರುಬ್ಬುಗುಂಡಿನಷ್ಟು ಭಾರ. ಹಳೆ ಒಡಂಬಡಿಕೆಗೂ ಹೊಸ ಒಡಂಬಡಿಕೆಗೂ ನಡುವೆ ಹುಟ್ಟು, ಮದುವೆ, ಸಾವು ಬರೆಯಲೆಂದೇ ಬಿಟ್ಟ ಹಾಳೆಗಳು. ಗಂಡ, ಹೆಂಡತಿ, ಒಂಬತ್ತು ಮಕ್ಕಳು. ಕೊನೆಯ ಬರಹ 1894ರದ್ದು. ಯಾರದೋ ಮನೆಯ ದೇವರ ಪುಸ್ತಕ ನಮ್ಮ ಮನೆಯ ಶೂ ಸ್ಟ್ಯಾಂಡ್ ಮೇಲೆ ಇರುವುದು ಸರಿ ಅನ್ನಿಸಲಿಲ್ಲ. ಅವರ ಪೈಕಿಯವರು ಯಾರಾದರೂ ಬದುಕಿದ್ದರೆ ಕೊಟ್ಟುಬಿಡೋಣ ಅಂತ ಈ ವೆಬ್‌ಸೈಟಿಗೆ ಸೇರಿದೆ. ಬದುಕಿದ್ದಾರೆ, ಹಾಗಾಗಿ ಮನೆತನದ ಹೆಸರು ಇಲ್ಲಿ ಬರೆಯುವುದಿಲ್ಲ.

ಯಾವ ಪ್ಲ್ಯಾನ್‌ಗೆ ಎಷ್ಟು, ಎಷ್ಟು ಕೋಟಿ ದಾಖಲೆ ಇವೆ ಅನ್ನುವುದೆಲ್ಲ ಅವರ ಜಾಹೀರಾತಿನಲ್ಲೇ ಇದೆ. ನಾನು ಹೇಳುವುದು ರಾತ್ರಿ ಹತ್ತು ಗಂಟೆಯ ಮಾತು.

ಪಾತ್ರೆ ತೊಳೆದು, ಮಗನನ್ನು ಮಲಗಿಸಿ, ಒಂದು ಲೋಟ ಮಜ್ಜಿಗೆ ಇಟ್ಟುಕೊಂಡು ಕೂರುತ್ತಿದ್ದೆ. ಜನಗಣತಿಯ ಮೂಲ ಹಾಳೆ ತೆರೆದು, ದೊಡ್ಡದು ಮಾಡಿ, ಒಂದೊಂದೇ ಸಾಲು ಓದುವುದು. ಅಲ್ಲಿ ಎಲ್ಲರ ಹೆಸರೂ ಸಿಗುವುದು 1850ರಿಂದ ಈಚೆಗೆ. ಅದಕ್ಕೂ ಮುಂಚೆ ಮನೆ ಯಜಮಾನನ ಹೆಸರೊಂದೇ, ಉಳಿದವರು ಬರೀ ಲೆಕ್ಕ. 1850ರ ಹಾಳೆಯಲ್ಲೂ ಗುಲಾಮರ ಹೆಸರಿಲ್ಲ. ಅವರಿಗೆ ಬೇರೆ ಪಟ್ಟಿ, ಅದರಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. ನನ್ನ ಆಫೀಸಿನ ಕಪ್ಪು ಗೆಳತಿಯೊಬ್ಬಳು ತನ್ನ ಕುಟುಂಬ ಹುಡುಕಲು ಹೋಗಿ 1870ಕ್ಕೆ ನಿಂತಿದ್ದಾಳೆ. ಗುಲಾಮಗಿರಿ ಹೋದ ಮೇಲಿನ ಮೊದಲ ಗಣತಿ ಅದು, ಅದಕ್ಕೂ ಹಿಂದೆ ಗುಲಾಮರಾಗಿದ್ದವರ ಹೆಸರಿಲ್ಲ. ನಾನು ಎತ್ತಿಕೊಂಡಿದ್ದು ಸುಲಭದ ಕೇಸು, ಅದು ಗೊತ್ತಿರಲಿ.

ಕೈಬರಹ ನಮ್ಮ ಶಾನುಭೋಗರ ಕಡತದ ಹಾಗೆಯೇ. ಎರಡು ‘ಎಸ್’ ಜೊತೆಗೆ ಬಂದರೆ ಮೊದಲನೆಯದನ್ನು ಉದ್ದಕ್ಕೆ ಎಳೆದು ಬರೆಯುತ್ತಿದ್ದರು, ಈಗಿನವರಿಗೆ ಅದು ‘ಎಫ್’ ಥರ ಕಾಣುತ್ತದೆ. ಹಾಗಾಗಿ ನಮ್ಮ ಬೈಬಲ್‌ನ ಜೆಸ್ಸಿ ವೆಬ್‌ಸೈಟಿನಲ್ಲಿ ‘ಜೆಫ್ಸಿ’ ಆಗಿದ್ದ. ಮೂರು ವಾರ ಸಿಕ್ಕಿರಲಿಲ್ಲ. ಸಿಕ್ಕ ರಾತ್ರಿ ನಮ್ಮನೆಯವರನ್ನು ಎಬ್ಬಿಸಿ ತೋರಿಸಿದೆ. "ಯಾರದೋ ಮನೆ ಸೊಸೆ ಥರ ಆಡ್ತಿದೀಯಲ್ಲ" ಅಂದು ಮಗ್ಗುಲು ಬದಲಿಸಿದರು.

ಆರು ತಿಂಗಳಲ್ಲಿ ಐದು ಗಂಡುಮಕ್ಕಳೂ ಸಿಕ್ಕರು. ಇಬ್ಬರ ಸಂತಾನ ಅಲ್ಲಿಗೇ ನಿಂತಿದೆ, ಮಿಕ್ಕವರದ್ದು ದೂರ ದೂರ ಹೋಗಿ ಎಲ್ಲೋ ತಪ್ಪಿಹೋಯಿತು. ಅಲ್ಲಿವರೆಗೆ ಕೇಳಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ.

ಆಮೇಲೆ ಮೂರನೇ ಮಗಳು. ಬೈಬಲ್‌ನಲ್ಲಿ ಮೇರಿ, 1844ರಲ್ಲಿ ಹುಟ್ಟಿದವಳು. 1850ರ ಗಣತಿಯಲ್ಲಿ ಮೇರಿಯೇ ಇಲ್ಲ, ಆರು ವರ್ಷದ ‘ಪಾಲಿ’ ಇದ್ದಾಳೆ. ಆ ಕಾಲದಲ್ಲಿ ಮೇರಿಗೆ ಮನೆಯಲ್ಲಿ ಕರೆಯುವ ಹೆಸರು ಪಾಲಿ, ಮಾರ್ಗರೆಟ್‌ಗೆ ಪೆಗ್ಗಿ. ನಮ್ಮಲ್ಲಿ ತೊಟ್ಟಿಲ ಹೆಸರೇ ಬೇರೆ, ಸ್ಕೂಲಿನ ಹೆಸರೇ ಬೇರೆ ಇರಲ್ವಾ, ಹಾಗೆ. ಇದು ವೆಬ್‌ಸೈಟಿನ ತಪ್ಪಲ್ಲ. ಆದರೆ 1866ರಲ್ಲಿ ಅವಳಿಗೆ ಮದುವೆಯಾಯಿತು. ವರ, ಒಬ್ಬ ಜೆ. ಮಿಲ್ಲರ್. ಒಹಾಯೊದಲ್ಲಿ ಕಲ್ಲೆಸೆದರೆ ಒಬ್ಬ ಮಿಲ್ಲರ್‌ಗೆ ಬೀಳುತ್ತದೆ. ಅಲ್ಲಿಂದ ಅವಳು ಹೆಸರಿಲ್ಲದವಳು. ಪೇಪರಿನಲ್ಲಿ ಬಂದರೂ ‘ಮಿಸೆಸ್’ ಹಾಕಿ ಗಂಡನ ಹೆಸರು.

ಇಲ್ಲಿ ಶುರುವಾಯಿತು ನನ್ನ ಜಗಳ. ವೆಬ್‌ಸೈಟ್ ವಾರಕ್ಕೊಂದು ‘ಸುಳಿವು’ ಕಳಿಸತೊಡಗಿತು: ನಿಮ್ಮ ಮೇರಿ ದೂರದ ಕ್ಯಾನ್ಸಸ್ ರಾಜ್ಯದಲ್ಲಿದ್ದಾಳೆ! ತೆರೆದು ನೋಡಿದರೆ ದಾಖಲೆಯಲ್ಲ, ಬೇರೆ ಸದಸ್ಯರು ಹಾಕಿದ ವಂಶವೃಕ್ಷಗಳು. ಎಣಿಸಿದೆ, ನಲವತ್ತೊಂದು. ಎಲ್ಲದರಲ್ಲೂ ಅದೇ ಕ್ಯಾನ್ಸಸ್ ಮೇರಿ, ಅದೇ ಕಾಗುಣಿತದ ತಪ್ಪು. ಒಬ್ಬರು ಬರೆದಿದ್ದನ್ನು ನಲವತ್ತು ಜನ ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ. ಆ ಮೇರಿ 1860ರ ಗಣತಿಯಲ್ಲೇ ಗಂಡನ ಜೊತೆ ಕ್ಯಾನ್ಸಸ್‌ನಲ್ಲಿದ್ದಾಳೆ. ನಮ್ಮ ಮೇರಿ ಅದೇ ಗಣತಿಯಲ್ಲಿ, ಹದಿನಾರು ವರ್ಷದವಳು, ಲಿಕಿಂಗ್ ಕೌಂಟಿಯಲ್ಲಿ ಅಪ್ಪನ ಮನೆಯಲ್ಲಿದ್ದಾಳೆ. ಎರಡೂ ಹಾಳೆ ಇದೇ ವೆಬ್‌ಸೈಟಿನಲ್ಲೇ ಇವೆ! ಒಬ್ಬ ಸದಸ್ಯರಿಗೆ ವಿನಯದಿಂದಲೇ ಬರೆದೆ. "ಎಲ್ಲರ ವೃಕ್ಷದಲ್ಲೂ ಹಾಗೇ ಇದೆ" ಎಂದು ಉತ್ತರ ಬಂತು. ಕಂಪನಿಗೆ ಬರೆದೆ. ಸದಸ್ಯರ ವೃಕ್ಷ ನಾವು ತಿದ್ದುವುದಿಲ್ಲ ಅಂದರು. ತಿದ್ದಬೇಡಿ ಸ್ವಾಮಿ, ನನಗೆ ಕಳಿಸಬೇಡಿ ಅಂದರೆ ಅದಕ್ಕೆ ಉತ್ತರವಿಲ್ಲ. ಆ ಜಗಳದ ನಡುವೆಯೇ ಸಬ್‌ಸ್ಕ್ರಿಪ್ಶನ್ ತನ್ನಷ್ಟಕ್ಕೆ ನವೀಕರಣವಾಗಿ ಕಾರ್ಡಿನಿಂದ ದುಡ್ಡು ಹೋಯಿತು.

1890ರ ಗಣತಿ ನೋಡೋಣ ಅಂದರೆ ಅದಿಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಬಿದ್ದ ಬೆಂಕಿಯಲ್ಲಿ ಬಹುಪಾಲು ಹಾಳಾಯಿತು. ಆದರೆ ಆ ವರ್ಷ 1861ರಿಂದ 65ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಸೈನಿಕರನ್ನೂ ಸೈನಿಕರ ವಿಧವೆಯರನ್ನೂ ಬೇರೆಯಾಗಿ ಪಟ್ಟಿ ಮಾಡಿದ್ದರು, ಅದರಲ್ಲಿ ಒಹಾಯೊದ್ದು ಉಳಿದಿದೆ. ಇದನ್ನು ಹೇಳಿಕೊಟ್ಟಿದ್ದು ವೆಬ್‌ಸೈಟ್ ಅಲ್ಲ, ನಮ್ಮ ಊರಿನ ಲೈಬ್ರರಿಯ ಅಜ್ಜಿ. ಆ ಪಟ್ಟಿಯಲ್ಲಿ ಒಬ್ಬ ಮಿಲ್ಲರ್‌ನ ವಿಧವೆ ಮೇರಿ ಇದ್ದಳು. ಸರ್ಕಾರದ ಹಳೆ ದಾಖಲೆ ಇಡುವ ನ್ಯಾಷನಲ್ ಆರ್ಕೈವ್ಸ್‌ನಿಂದ, ಸೈನಿಕನ ವಿಧವೆಯಾಗಿ ಅವಳು ಕೇಳಿದ ಪಿಂಚಣಿಯ ಕಡತ ತರಿಸಿದೆ. ತಿಂಗಳುಗಟ್ಟಲೆ ಕಾದೆ.

ಸರ್ಕಾರದಿಂದ ಪಿಂಚಣಿ ಬೇಕೆಂದರೆ ಮದುವೆಯಾಗಿದ್ದಕ್ಕೆ ಪುರಾವೆ ಕೊಡಬೇಕು. ಎಷ್ಟೋ ಜನ ಬೈಬಲ್‌ನ ಹಾಳೆಯನ್ನೇ ಹರಿದು ಕಳಿಸುತ್ತಿದ್ದರಂತೆ. ಮೇರಿ ಹರಿಯಲಿಲ್ಲ. ಅಣ್ಣನ ಕೈಲಿ ಸಾಕ್ಷಿ ಹೇಳಿಸಿದ್ದಾಳೆ: ಇವಳು ನನ್ನ ತಂಗಿ, 1866ರಲ್ಲಿ ನಮ್ಮ ಮನೆಯಲ್ಲೇ ಮದುವೆಯಾಯಿತು, ಅಮ್ಮನ ಬೈಬಲ್‌ನಲ್ಲಿ ಬರೆದಿದೆ. ಆ ಬೈಬಲ್ ಆಗ ನನ್ನ ಮಂಡಿಯ ಪಕ್ಕದಲ್ಲೇ ಇತ್ತು. ಕಾಗದದ ಕೊನೆಗೆ ಮೇರಿಯ ಸಹಿ ಇಲ್ಲ. ಯಾರೋ ಬರೆದ ಹೆಸರಿನ ನಡುವೆ ಒಂದು ಗೀಟಿನ ಗುರುತು, ವಾರೆಯಾಗಿ, ಮಸಿ ಸ್ವಲ್ಪ ಚೆಲ್ಲಿದೆ. ನಮ್ಮಜ್ಜಿಯ ಹೆಬ್ಬೆಟ್ಟು ನೆನಪಾಯಿತು. 1900ರ ಗಣತಿಯಲ್ಲಿ ಅವಳ ಸಾಲು ಹೀಗಿದೆ: ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. ಹೆತ್ತ ಮಕ್ಕಳು ಏಳು, ಉಳಿದವರು ಮೂವರು.

ಆ ಮೂವರಿಂದ ಮುಂದೆ ಹೋಗಲು ವೆಬ್‌ಸೈಟ್ ಅಷ್ಟೇನೂ ಬೇಕಾಗಲಿಲ್ಲ. ಫ್ಯಾಮಿಲಿಸರ್ಚ್ ಅಂತ ಇನ್ನೊಂದು ವಂಶವೃಕ್ಷ ವೆಬ್‌ಸೈಟ್ ಇದೆ, ಅದು ಪುಕ್ಕಟೆ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಆನ್‌ಲೈನ್‌ನಲ್ಲಿ ಇಟ್ಟಿರುವ ಹಳೆ ಪೇಪರುಗಳೂ ಪುಕ್ಕಟೆ. ಸಾವಿನ ಸುದ್ದಿಗಳ ಕೊನೆಯ ಸಾಲಿನಲ್ಲಿ ಮಕ್ಕಳು ಮೊಮ್ಮಕ್ಕಳ ಹೆಸರೂ ಊರೂ ಇರುತ್ತವೆ. 1950ರ ಗಣತಿಯೂ 2022ರಲ್ಲಿ ತೆರೆದಿದೆ, ಎಪ್ಪತ್ತೆರಡು ವರ್ಷ ಮುಚ್ಚಿಟ್ಟಿದ್ದು. ಅಲ್ಲಿ ಮೇರಿಯ ಮೊಮ್ಮಗಳು ಸಿಕ್ಕಳು.

ಹಾಗಂತ ದುಡ್ಡು ದಂಡ ಅನ್ನಲಾರೆ. ಹುಡುಕುವ ಪೆಟ್ಟಿಗೆ ಇವರದೇ ಚುರುಕು, ಹಾಳೆಗಳೂ ಬೇಗ ತೆರೆಯುತ್ತವೆ. ಬೇಕಿದ್ದರೆ ಒಂದು ತಿಂಗಳಿಗೆ ಮಾತ್ರ ಸೇರಿ, ಪಟ್ಟಿ ಮಾಡಿಕೊಂಡು ಕೂತು ಹುಡುಕಿ, ಸೇರಿದ ದಿನವೇ ನವೀಕರಣ ನಿಲ್ಲಿಸಿ. ನಿಮ್ಮ ಲೈಬ್ರರಿಯಲ್ಲಿ ಕಂಪ್ಯೂಟರ್ ಮುಂದೆ ಕೂತರೆ ಇದೇ ಥರದ್ದು ಬಿಟ್ಟಿ ಸಿಗುತ್ತದಾ ಅಂತಲೂ ಕೇಳಿ, ನಾನು ಕೇಳದೆ ಕೆಟ್ಟೆ. ನನ್ನ ಲೆಕ್ಕಕ್ಕೆ ಮೂರು ಸ್ಟಾರ್. ಸುಳಿವಿಗೆ ಸೊನ್ನೆ.

ಬೈಬಲ್ ಕಳೆದ ಮೇ ತಿಂಗಳಲ್ಲಿ ಹೋಯಿತು. ಮೇರಿಯ ಮೊಮ್ಮಗಳ ಮಗಳು ಇಂಡಿಯಾನಾದಿಂದ ಕಾರಿನಲ್ಲಿ ಬಂದಿದ್ದರು, ಎಪ್ಪತ್ತು ದಾಟಿದವರು. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡರು. ಅವರ ತಟ್ಟೆ ಎತ್ತುತ್ತಿದ್ದಾಗ ನನ್ನ ಫೋನ್ ಟಿಂಗ್ ಅಂತು. ವೆಬ್‌ಸೈಟ್. ನಿಮ್ಮ ಮೇರಿಯ ಬಗ್ಗೆ ಹೊಸ ಸುಳಿವು ಇದೆ, ಕ್ಯಾನ್ಸಸ್.