ಕೊಯ್ಲಿನ ಕೂಲಿಯನ್ನು ಮೇಸ್ತ್ರಿಯ ಕೈಗೆ ಕೊಡಬೇಡಿ

ಮೂಡಿಗೆರೆ ಕಡೆಯ ನಮ್ಮ ಎಂಟು ಎಕರೆ ರೊಬಸ್ಟಾ ಕಾಫಿ ತೋಟಕ್ಕೆ ಹೋದ ಜನವರಿಯಲ್ಲಿ ಅಸ್ಸಾಮಿನ ಹನ್ನೆರಡು ಜನ ಕೊಯ್ಲಿಗೆ ಬಂದಿದ್ದರು. ಕರೆತಂದವನು ಒಬ್ಬ ಮೇಸ್ತ್ರಿ. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಮಾತೆಲ್ಲ ಅವನ ಮೂಲಕವೇ. ಬಟವಾಡೆಯೂ ಹಾಗೆಯೇ ಆಯಿತು. ಕೆಜಿಗೆ 5 ರೂಪಾಯಿಯಂತೆ ಲೆಕ್ಕ ಹಾಕಿ ಪ್ರತಿ ಶನಿವಾರ ಹಣವನ್ನು ಅವನಿಗೆ ಎಣಿಸಿ ಕೊಡುತ್ತಿದ್ದೆ.

ನಾಲ್ಕನೇ ಸೋಮವಾರ ಬೆಳಿಗ್ಗೆ ಅವನು ಇರಲಿಲ್ಲ. ಕೊಯ್ಲಿಗೂ ಯಾರೂ ಇಳಿಯಲಿಲ್ಲ. ಆಳುಗಳು ಇರುವ ಲೈನ್ ಮನೆಗೆ ಹೋದರೆ ಎಲ್ಲರೂ ಗಂಟು ಕಟ್ಟಿಕೊಂಡು ಜಗಲಿಯಲ್ಲಿ ಕುಳಿತಿದ್ದರು. ಪಕ್ಕದ ತೋಟದ ಹಿಂದಿ ಬಲ್ಲ ಹುಡುಗನನ್ನು ಕರೆಸಿದ ಮೇಲೆ ವಿಷಯ ತಿಳಿಯಿತು: ಅಷ್ಟು ದಿನವೂ ಅವರಿಗೆ ಸಿಕ್ಕಿದ್ದು ಅಕ್ಕಿ, ಎಣ್ಣೆ ಮಾತ್ರ. ಕೂಲಿಯನ್ನು ಕೊನೆಗೆ ಒಟ್ಟಿಗೆ ಕೊಡುತ್ತೇನೆ ಎಂದಿದ್ದನಂತೆ.

ಒಬ್ಬ ಹೆಂಗಸು ನನ್ನನ್ನು ಒಳಗೆ ಕರೆದು ಒಲೆಯ ಪಕ್ಕದ ಗೋಡೆ ತೋರಿಸಿದಳು. ಇದ್ದಿಲಿನ ಗೀಟುಗಳು, ಐದೈದರ ಗುಂಪು. ತಾನೂ ಗಂಡನೂ ತುಂಬಿಸಿದ ಒಂದೊಂದು ಮೂಟೆಗೂ ಒಂದು ಗೀಟು ಎಳೆದಿದ್ದಳು. 65 ಇದ್ದವು. ನನ್ನ ತೂಕದ ಪುಸ್ತಕದಲ್ಲೂ ಅವರ ಹೆಸರಿನಲ್ಲಿ 65 ಮೂಟೆ. ಆ ಗೋಡೆಯ ಮುಂದೆ ನಿಂತು, ಹಣ ಕೊಟ್ಟಾಗಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಸೊಸೈಟಿಯಲ್ಲಿ ಸಾಲ ತೆಗೆದು 96,000 ರೂಪಾಯಿಯನ್ನು ಎರಡನೇ ಸಲ ಕೊಟ್ಟೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮಾಲೀಕನೇ ಕೊಡಬೇಕು ಎಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು ಎಂಬುದು ಆಮೇಲೆ ಗೊತ್ತಾಯಿತು. ಆರು ಜನ ಉಳಿದು ಕೊಯ್ದರು, ಉಳಿದವರು ಊರಿಗೆ ಹೊರಟರು. ಅಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂತು. ಮೇಲಿನ ಪಟ್ಟೆಯ ಹಣ್ಣು ಗಿಡದಲ್ಲೇ ಒಣಗಿ ಉದುರಿತು. ಉದುರಿದ್ದನ್ನು ಆರಿಸದೆ ಬಿಟ್ಟರೆ ಕಾಯಿಕೊರಕ ಹುಳಕ್ಕೆ ಮನೆ ಮಾಡಿಕೊಟ್ಟಂತೆ, ಅದಕ್ಕೆ ಬೇರೆ ಆಳು ಹಿಡಿಯಬೇಕಾಯಿತು.

ದಯವಿಟ್ಟು ಕೂಲಿಯನ್ನು ಕೊಯ್ದವರ ಕೈಗೇ ಕೊಡಿ, ಇಲ್ಲವೇ ಅವರವರ ಖಾತೆಗೆ ಹಾಕಿ. ಮೇಸ್ತ್ರಿಯ ಕಮಿಷನ್ ಬೇರೆ ಇರಲಿ. ಅವರ ಎದುರಿನಲ್ಲೇ ತೂಗಿ, ಅವರ ಬಳಿಯೂ ಒಂದು ಚೀಟಿ ಇರಲಿ. ಬಂದ ದಿನವೇ ಎಲ್ಲರ ಗುರುತಿನ ಚೀಟಿಯ ಪ್ರತಿ ಪಡೆದು ಠಾಣೆಗೆ ಮಾಹಿತಿ ಕೊಡಿ, ಮೊದಲು ಮೇಸ್ತ್ರಿಯದು. ದೂರು ಕೊಡಲು ಹೋದಾಗ ನನ್ನ ಬಳಿ ಇದ್ದದ್ದು ಅವನ ಮೊಬೈಲ್ ಸಂಖ್ಯೆ ಒಂದೇ. ಅದು ಇವತ್ತಿಗೂ ಸ್ವಿಚ್ ಆಫ್ ಆಗಿದೆ.