ಮೂರು ವರ್ಷ ಗೋಡೆಯ ಮೇಲಿದ್ದ ಅಮೂರ್ತ ಕ್ಯಾನ್ವಾಸ್ ಪ್ರಿಂಟ್: ಏನು ಉಳಿಯಿತು, ಏನು ಕೈಕೊಟ್ಟಿತು

ಅಳತೆ 24×36 ಇಂಚು. 380 ಜಿಎಸ್‌ಎಂ (ಚದರ ಮೀಟರಿಗೆ 380 ಗ್ರಾಂ ತೂಗುವ) ಪಾಲಿ-ಕಾಟನ್ ಕ್ಯಾನ್ವಾಸ್, ಪಿಗ್ಮೆಂಟ್ ಇಂಕ್ (ಕರಗದ ಬಣ್ಣದ ಕಣಗಳಿರುವ ಶಾಯಿ), ಮೇಲೆ ಮ್ಯಾಟ್ ವಾರ್ನಿಷ್, ಹಿಂದೆ ಒಂದೂವರೆ ಇಂಚು ದಪ್ಪದ ಪೈನ್ ಚೌಕಟ್ಟು. ಅಮೂರ್ತ ಅಭಿವ್ಯಕ್ತಿವಾದದ (ವಸ್ತುಗಳನ್ನು ಬಿಡಿಸದೆ ಬಣ್ಣ, ಗೆರೆಗಳಲ್ಲೇ ಭಾವ ತರುವ ಪಂಥ) ಶೈಲಿಯ ಚಿತ್ರ: ಕಪ್ಪು ಬಣ್ಣದ ಅಗಲವಾದ ಬ್ರಷ್ ಎಳೆತಗಳು, ಇಟ್ಟಿಗೆ ಕೆಂಪು, ಹಾಲುಬಿಳಿ, ಅದರ ಮೇಲೆ ಚಿಮ್ಮಿಸಿದ ಹನಿಗಳು. ನೇರ ಬಿಸಿಲು ಬೀಳದ ಗೋಡೆಯಲ್ಲಿ ಮೂರು ವರ್ಷ ಇದ್ದ ಮೇಲೂ ಬಣ್ಣ ಮಾಸಿದ್ದು ಕಣ್ಣಿಗೆ ಕಾಣುವುದಿಲ್ಲ. ಕೈಕೊಟ್ಟದ್ದು ಬಟ್ಟೆ ಮತ್ತು ಮರ.

ಈ ಬಗೆಯ ಚಿತ್ರದಲ್ಲಿ ಬಣ್ಣದ ಮೈಯೇ ವಿಷಯ, ಪ್ರಿಂಟಿನಲ್ಲಿ ಮೊದಲು ಕಳೆದುಹೋಗುವುದೂ ಅದೇ. ಒಂದು ಅಡಿ ದೂರದಿಂದ ನೋಡಿದರೆ ದಪ್ಪ ಬಣ್ಣದ ಏಣು ಕಾಣುತ್ತದೆ, ಮುಟ್ಟಿದರೆ ಬರೀ ಬಟ್ಟೆಯ ನೇಯ್ಗೆ. ಮೂಲಚಿತ್ರದ ಫೋಟೊ ತೆಗೆಯುವಾಗ ಬೆಳಕು ಎಡದಿಂದ ಬಿದ್ದಿದೆ, ಹಾಗಾಗಿ ಪ್ರತಿ ಏಣಿನ ಬಲಕ್ಕೆ ಕೂದಲೆಳೆಯಷ್ಟು ನೆರಳು ಅಚ್ಚಾಗಿದೆ. ಕೋಣೆಯ ಕಿಟಕಿ ಬಲಗಡೆ ಇದ್ದರೆ ಅದೇ ಉಬ್ಬು ತಗ್ಗಿನ ಹಾಗೆ ಕಾಣುತ್ತದೆ! ಗೋಡೆ ಆರಿಸುವಾಗ ಸೋಫಾಗಿಂತ ಮೊದಲು ಇದನ್ನು ನೋಡಿಕೊಳ್ಳಿ.

ಅಳತೆಯ ವಿಷಯದಲ್ಲಿ ಜಿಪುಣತನ ಬೇಡ. ಬಣ್ಣ ಸುರಿದು ಚಿತ್ರ ಮಾಡುತ್ತಿದ್ದ ಅಮೆರಿಕನ್ ಕಲಾವಿದ ಜಾಕ್ಸನ್ ಪೊಲಾಕ್ 1950ರಲ್ಲಿ ಮಾಡಿದ ‘ಆಟಮ್ ರಿದಮ್’ ಸುಮಾರು 5.26 ಮೀಟರ್ ಅಗಲವಿದೆ. ಅದನ್ನು 36 ಇಂಚಿಗೆ ಇಳಿಸಿದರೆ ಒಂದು ಸೆಂಟಿಮೀಟರ್ ದಪ್ಪದ ಬಣ್ಣದ ಧಾರೆ ಎರಡು ಮಿಲಿಮೀಟರ್‌ಗೂ ಕಡಿಮೆಯಾಗುತ್ತದೆ, ಚಿತ್ರ ದಾರದ ಸಿಕ್ಕಿನಂತೆ ಕಾಣುತ್ತದೆ. ದೊಡ್ಡ ಕೃತಿಯ ಕುಗ್ಗಿಸಿದ ಪ್ರಿಂಟಿಗಿಂತ ಸಣ್ಣ ಮೂಲದ ಪ್ರಿಂಟ್ ಎಷ್ಟೋ ವಾಸಿ. ಫೈಲ್ ಕನಿಷ್ಠ 3600×5400 ಪಿಕ್ಸೆಲ್ ಇರಲಿ, ಅಂದರೆ ಇಂಚಿಗೆ 150. ಚೌಕಟ್ಟಿನ ಬದಿಗೆ ಚಿತ್ರವೇ ಮಡಿಚಿಕೊಳ್ಳುವುದಾದರೆ ನಾಲ್ಕೂ ಕಡೆ ಒಂದೂವರೆ ಇಂಚು ಚಿತ್ರ ಬದಿಗೆ ಹೋಗುತ್ತದೆ. ಅಂಚಿನವರೆಗೂ ಹಬ್ಬಿದ ಸಂಯೋಜನೆಗೆ ಅದು ದೊಡ್ಡ ನಷ್ಟ. ಬದಿಗೆ ಒಂದೇ ಬಣ್ಣ ಕೇಳಿ.

ಇಂಕ್ ಯಾವುದು ಎಂದು ಕೇಳದೆ ಕೊಳ್ಳಬೇಡಿ. ಡೈ ಇಂಕ್ (ಬಣ್ಣ ಪೂರ್ತಿ ಕರಗಿದ ಶಾಯಿ) ಹೊಸದರಲ್ಲಿ ಹೊಳೆಯುತ್ತದೆ, ಬೆಳಕಿಗೆ ಪಿಗ್ಮೆಂಟ್‌ನಷ್ಟು ತಡೆಯುವುದಿಲ್ಲ. ಹಾಗೆಂದು ಪಿಗ್ಮೆಂಟ್ ಎಂಬ ಹೆಸರೊಂದೇ ಸಾಲದು. ಅಮೆರಿಕನ್ ಕಲಾವಿದ ಮಾರ್ಕ್ ರಾಥ್ಕೊ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಮಾಡಿಕೊಟ್ಟ ಭಿತ್ತಿಚಿತ್ರಗಳು ಕಿಟಕಿಯ ಬಿಸಿಲಿಗೆ ಮಾಸಿ 1979ರಲ್ಲಿ ಗೋಡೆಯಿಂದ ಇಳಿದವು. ಕಾರಣ ಅವರು ಬಳಸಿದ್ದ ಲಿಥಾಲ್ ರೆಡ್ ಎಂಬ ಕೆಂಪು, ಅದೂ ಪಿಗ್ಮೆಂಟೇ. ಯಾವ ಪ್ರಿಂಟನ್ನೂ ಬಿಸಿಲಿಗೆ ಎದುರಾಗಿ ಹಾಕುವಂತಿಲ್ಲ. ದೀಪವೂ ಮುಖ್ಯ: 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಹಳದಿ) ಬಲ್ಬಿನಡಿ ಹಾಲುಬಿಳಿ ಹಳದಿಗೆ ತಿರುಗುತ್ತದೆ, 4000ದಲ್ಲಿ ಕೆಂಪು ಸಪ್ಪೆ. 3000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಮೇಲಿನದು ಈ ಚಿತ್ರಕ್ಕೆ ಒಪ್ಪಿತು.

ಇನ್ನು ದೂರುಗಳು. ಗಾಳಿಯ ತೇವ ಏರಿಳಿದಂತೆ ಮರವೂ ಹತ್ತಿಯೂ ಹಿಗ್ಗಿ ಕುಗ್ಗುತ್ತವೆ. ಎರಡನೇ ವರ್ಷದಲ್ಲಿ ಕೆಳಗಿನ ಎಡಮೂಲೆಯಿಂದ ಓರೆಯಾಗಿ ಒಂದು ಅಲೆ ಎದ್ದಿತು. ಪುಣ್ಯಕ್ಕೆ ಚೌಕಟ್ಟಿನ ಮೂಲೆಗಳಲ್ಲಿ ಬೆಣೆ ಹೊಡೆಯುವ ಸಂದಿಗಳಿದ್ದವು, ಬೆಣೆ ಹೊಡೆದರೆ ಚೌಕಟ್ಟು ಅಗಲವಾಗಿ ಬಟ್ಟೆ ಬಿಗಿಯಾಗುತ್ತದೆ. ಪ್ರಿಂಟನ್ನು ಒಗೆದ ಹತ್ತಿ ಬಟ್ಟೆಯ ಮೇಲೆ ಬೋರಲು ಹಾಕಿ, ಕ್ಯಾನ್ವಾಸ್‌ಗೂ ಮರಕ್ಕೂ ನಡುವೆ ರಟ್ಟು ತೂರಿಸಿ (ಸುತ್ತಿಗೆ ತಾಗಿದರೆ ಮುಂದೆ ಗುಳಿ ಬೀಳುತ್ತದೆ), ಎದುರುಬದುರು ಮೂಲೆಗಳ ಬೆಣೆಗಳನ್ನು ಸರದಿಯಂತೆ ಮೆಲ್ಲಗೆ ತಟ್ಟಬೇಕು. ಮೂಲೆಯ ಕೂಡು ಎರಡು ಮಿಲಿಮೀಟರ್ ಬಿಟ್ಟುಕೊಂಡರೆ ಸಾಕು. ಅತಿ ಬಿಗಿದರೆ ಮಡಿಕೆಯಲ್ಲಿ ಇಂಕ್ ಬಿರಿಯುತ್ತದೆ. ಅಂಟು ಹಾಕಿ ಕೂಡಿಸಿದ ಅಗ್ಗದ ಚೌಕಟ್ಟಿನಲ್ಲಿ ಈ ದಾರಿಯೇ ಇಲ್ಲ. ಹಿಂಬದಿಗೆ ನೀರು ಸಿಂಪಡಿಸಿ ಒಣಗಿಸುವ ಉಪಾಯ ಕೆಲವೇ ವಾರಕ್ಕೆ.

ಮಡಿಕೆಯ ಬಿರುಕು ಪ್ರಿಂಟ್ ಮನೆಗೆ ಬಂದ ದಿನವೇ ಇತ್ತು. ಮೇಲಿನ ಎರಡು ಮೂಲೆಗಳಲ್ಲಿ ಕಪ್ಪಿನ ನಡುವೆ ಬಿಳಿ ಗೀರು. ಬಟ್ಟೆ ಎಳೆದು ಮಡಿಚುವಾಗ ಇಂಕ್ ಹೀರುವ ಲೇಪನ ಒಡೆದಿದೆ. ಕಪ್ಪು ಆಕ್ರಿಲಿಕ್ ಬಣ್ಣವನ್ನು ಹಲ್ಲುಕಡ್ಡಿಯ ತುದಿಯಲ್ಲಿ ಗೀರಿನ ಮೇಲಷ್ಟೇ ತಾಗಿಸಿದರೆ ಮುಚ್ಚಿಹೋಗುತ್ತದೆ. ಮಾರ್ಕರ್ ಬೇಡ, ಅದರ ಕಪ್ಪು ನೇರಳೆ ಹೊಡೆಯುತ್ತದೆ.

ತೂಗುಹಾಕಲು ನಡುವಿನ ಒಂದೇ ಕೊಂಡಿ ಸಾಲದು, ಬಾಗಿಲು ಹಾಕಿದಾಗಲೆಲ್ಲ ಚಿತ್ರ ವಾಲುತ್ತದೆ. ಚೌಕಟ್ಟಿನ ಹಿಂದೆ ಎರಡು ಡಿ-ರಿಂಗ್ (ಡಿ ಆಕಾರದ ಲೋಹದ ಬಳೆ), ಗೋಡೆಯಲ್ಲಿ ಎರಡು ಸ್ಕ್ರೂ, ಚಿತ್ರದ ಮಧ್ಯಬಿಂದು ನೆಲದಿಂದ 145 ಸೆಂಟಿಮೀಟರ್. ಸೋಫಾದ ಮೇಲಾದರೆ ಬೆನ್ನಿನಿಂದ 15–20 ಸೆಂಟಿಮೀಟರ್ ಎತ್ತರದಲ್ಲಿ ಕೆಳಅಂಚು. ಕೆಳಗಿನ ಮೂಲೆಗಳ ಹಿಂದೆ ಐದು ಮಿಲಿಮೀಟರ್ ರಬ್ಬರ್ ಬಿಲ್ಲೆ ಅಂಟಿಸಿ ಗಾಳಿ ಆಡಲು ಬಿಡಿ, ಗೋಡೆಗೆ ಅಂಟಿಕೊಂಡರೆ ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ದೂಳಿಗೆ ಒಣಗಿದ ಮೃದು ಬ್ರಷ್, ಮೇಲಿನಿಂದ ಕೆಳಕ್ಕೆ. ಒದ್ದೆ ಬಟ್ಟೆ ಉಜ್ಜಿದ ಕಡೆ ಮ್ಯಾಟ್ ವಾರ್ನಿಷ್ ಹೊಳಪು ಕಟ್ಟುತ್ತದೆ, ಆ ಕಲೆ ಹೋಗುವುದಿಲ್ಲ.

ರಾಥ್ಕೊ ಬಗೆಯ ಮೆದು ಅಂಚಿನ ಬಣ್ಣದ ಹಾಸುಗಳು ಬೇಕೆನ್ನುವವರು ಕ್ಯಾನ್ವಾಸ್ ಬಿಟ್ಟು ಮ್ಯಾಟ್ ಹತ್ತಿ ಕಾಗದದ ಮೇಲೆ ಮಾಡಿಸಿಕೊಳ್ಳಿ. ಅಂಥ ಚಿತ್ರದಲ್ಲಿ ನೇಯ್ಗೆಯ ಗೆರೆಗಳು ಬಣ್ಣಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತವೆ.