ಅವಸರ, ಮಡಿ, ಜೋರು ಮಳೆ: ಇಂಗ್ಲಿಷ್ ಪದ ಕಲಿಯಲು ನಾನು ಹಿಡಿದ ಐದು ದಾರಿ

ನನ್ನ ಹಳೇ ನೋಟ್‌ಬುಕ್ಕಿನಲ್ಲಿ ‘ಆಪರ್ಚುನಿಟಿ: ಅವಸರ’ ಎಂದು ಬರೆದಿದೆ. ನನ್ನದೇ ಅಕ್ಷರ. ಕಾಸರಗೋಡು ಪೇಟೆಯ ಒಂದು ಪಿಎಸ್‌ಸಿ (ಸರಕಾರಿ ಕೆಲಸದ ಪರೀಕ್ಷೆ) ಕೋಚಿಂಗಿನಲ್ಲಿ ಮಾಷ್, ಅಂದರೆ ಮೇಷ್ಟ್ರು, ಮಲಯಾಳದಲ್ಲಿ ಅರ್ಥ ಹೇಳುತ್ತಿದ್ದರು. ಕಿವಿಗೆ ಬಿದ್ದದ್ದನ್ನು ನಾನು ಕನ್ನಡ ಅಕ್ಷರದಲ್ಲಿ ಗೀಚಿಕೊಳ್ಳುತ್ತಿದ್ದೆ. ಮಲಯಾಳದಲ್ಲಿ ಅವಸರಂ ಅಂದರೆ ಅವಕಾಶ. ಎರಡು ವಾರ ಬಿಟ್ಟು ಓದಿದಾಗ ನನ್ನ ತಲೆಗೆ ಬಂದದ್ದು ಬೆಳಗ್ಗೆ ಬಸ್ಸಿಗೆ ಓಡುವ ಅವಸರ. ಅದರ ಕೆಳಗೆ ‘ರಿಲಕ್ಟೆನ್ಸ್: ಮಡಿ’. ಮಲಯಾಳದ ಮಡಿ ಅಂದರೆ ಮನಸ್ಸಿಲ್ಲದಿರುವುದು, ಉದಾಸೀನ. ನಮ್ಮ ಅಜ್ಜಿಯ ಮಡಿಯೇ ಬೇರೆ. ಇನ್ನೂ ಕೆಳಗೆ ‘ಎಸ್ಸೇ: ಉಪನ್ಯಾಸ’, ‘ಸ್ಪೀಚ್: ಪ್ರಸಂಗ’. ಕುಂಬಳೆಯ ಕಡೆಯವರಿಗೆ ಪ್ರಸಂಗ ಅಂದರೆ ಯಕ್ಷಗಾನದ್ದು. ಮೈಕಿನ ಮುಂದೆ ನಿಂತು ಮಾಡುವ ಭಾಷಣ ಯಾರಿಗೆ ಹೊಳೆಯುತ್ತದೆ?

ಮಾಷ್ ತಪ್ಪು ಹೇಳಿರಲಿಲ್ಲ. ತರಗತಿಯಲ್ಲಿ ಕನ್ನಡದವರು ನಾವು ಮೂರೇ ಮಂದಿ, ಅವರಿಗೆ ಅದು ಗೊತ್ತೂ ಇರಲಿಲ್ಲ. ಆದರೆ ಇಂಗ್ಲಿಷ್ ಪದ ಮಲಯಾಳ ದಾಟಿ ಕನ್ನಡಕ್ಕೆ ಬರುವಷ್ಟರಲ್ಲಿ ದಾರಿಯಲ್ಲಿ ಎಲ್ಲೋ ಮಗುಚುತ್ತಿತ್ತು. ನಾಲ್ಕು ತಿಂಗಳು ಹೋದೆ. ದಿನಕ್ಕೆ ಮೂವತ್ತು ಪದದ ಪಟ್ಟಿ, ಎದುರಿಗೆ ಒಂದೊಂದೇ ಅರ್ಥ, ವಾರಕ್ಕೊಂದು ಪರೀಕ್ಷೆ. ಪರೀಕ್ಷೆಯಲ್ಲಿ ಮಾರ್ಕು ಬರುತ್ತಿತ್ತು. ಮುಂದಿನ ವಾರ ಕೇಳಿದರೆ ಖಾಲಿ.

ನನ್ನ ಪರಿಸ್ಥಿತಿ ಹೇಳಿಬಿಡುತ್ತೇನೆ, ಹೋಲಿಸಿ ನೋಡಲು ಸುಲಭವಾಗುತ್ತದೆ. ಮನೆಯಲ್ಲಿ ತುಳು, ಹತ್ತನೇವರೆಗೆ ಕನ್ನಡ ಮೀಡಿಯಂ, ಪೇಟೆಯಲ್ಲಿ ಮಲಯಾಳ, ಈಗ ಲೆಕ್ಕಪತ್ರದ ಕೆಲಸದಲ್ಲಿ ದಿನವಿಡೀ ಇಂಗ್ಲಿಷ್ ಮೇಲ್. ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಓದಿದರೆ ಹೆಚ್ಚುಕಡಿಮೆ ತಿಳಿಯುತ್ತದೆ. ಬರೆಯಲು ಕೂತರೆ ಅದೇ ಹಳೇ ಇನ್ನೂರು ಪದ ಸುತ್ತಿ ಸುತ್ತಿ ಬರುತ್ತವೆ. ಗುಡ್, ಬ್ಯಾಡ್, ಬಿಗ್, ವೆರಿ ಬಿಗ್.

ಇಲ್ಲಿ ಸಿಕ್ಕಿಬೀಳುವುದಕ್ಕೆ ಒಂದು ಕಾರಣವಿದೆ, ನನಗೆ ತಡವಾಗಿ ಗೊತ್ತಾಯಿತು. ಮೈಕೆಲ್ ವೆಸ್ಟ್ ಎಂಬವರು 1953ರಲ್ಲಿ ಇಂಗ್ಲಿಷಿನಲ್ಲಿ ತುಂಬಾ ಬಳಕೆಯ ಸುಮಾರು 2000 ಪದಗಳ ಪಟ್ಟಿ ಪ್ರಕಟಿಸಿದ್ದರು. ಇವರು ಅದಕ್ಕೂ ಎಷ್ಟೋ ವರ್ಷ ಮೊದಲು ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದವರು. 2013ರಲ್ಲಿ ಬಂದ ಹೊಸ ಪಟ್ಟಿಯಲ್ಲಿ ಸುಮಾರು 2800 ಪದಗಳಿವೆ. ಸಾಮಾನ್ಯ ಇಂಗ್ಲಿಷಿನ ಶೇಕಡಾ 90ಕ್ಕಿಂತ ಜಾಸ್ತಿ ಅಷ್ಟರಲ್ಲೇ ಮುಗಿಯುತ್ತದೆ. ಈ ಪದಗಳು ದಿನಾ ಎದುರು ಬರುತ್ತವೆ, ತಾವಾಗಿಯೇ ಅಂಟುತ್ತವೆ. ಆಮೇಲಿನ ಪದಗಳು ಹಾಗಲ್ಲ. ಇವತ್ತು ಒಂದನ್ನು ಕಂಡರೆ ಮತ್ತೆ ಕಾಣುವುದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಮರೆತಿರುತ್ತದೆ. ಆದ್ದರಿಂದ ನಾನು ಪ್ರತಿ ದಾರಿಗೂ ಕೇಳಿದ ಪ್ರಶ್ನೆ ಎರಡೇ. ಮರೆಯುವ ಮೊದಲು ಈ ಪದ ನನಗೆ ಮತ್ತೆ ಸಿಗುತ್ತದಾ? ಸಿಕ್ಕಿದ್ದನ್ನು ಮೇಲ್‌ನಲ್ಲಿ ಬಳಸಲು ಬರುತ್ತದಾ?

ಕೋಚಿಂಗ್ ಬಿಟ್ಟ ಮೇಲೆ ಗೆಳತಿಯೊಬ್ಬಳು ಒಂದು ದಪ್ಪ ಪುಸ್ತಕ ಕೊಟ್ಟಳು. ಲ್ಯಾಟಿನ್, ಗ್ರೀಕ್ ಬೇರುಗಳಿಂದ ಪದ ಕಲಿಸುವಂಥದ್ದು. ಅದರಲ್ಲಿ ಒಂದು ಸುಖವಿದೆ, ಸುಳ್ಳು ಹೇಳಬಾರದು. ನಮಗೆ ಸು, ದುರ್, ಅಪ ಎಲ್ಲ ಗೊತ್ತಿರುವುದರಿಂದ ಆ ಆಟ ಬೇಗ ಹಿಡಿಯುತ್ತದೆ. ಬೆನೆ ಅಂದರೆ ಒಳ್ಳೆಯದು ಎಂದು ತಿಳಿದ ದಿನ ಬ್ಯಾಂಕ್ ಫಾರ್ಮಿನ ಬೆನಿಫಿಷಿಯರಿ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಿತು. ಆದರೆ ಪುಸ್ತಕ ಮುಂದೆ ಹೋದ ಹಾಗೆ ಮಿಸಂತ್ರೋಪ್ ತರಹದ ಪದಗಳು ಬರತೊಡಗಿದವು. ಮನುಷ್ಯರನ್ನು ಕಂಡರಾಗದವನು ಎಂದು ಅರ್ಥ. ಅಂಥವರು ನಮ್ಮ ಆಫೀಸಿನಲ್ಲಿ ಇದ್ದಾರೆ, ಆದರೆ ಮೇಲ್‌ನಲ್ಲಿ ಬರೆಯಲಾಗುತ್ತದಾ? ಅರ್ಧಕ್ಕೇ ನಿಲ್ಲಿಸಿದೆ.

ಆಮೇಲೆ ಫೋನಿನ ಕಾರ್ಡು. ಆಂಕಿ ಎಂಬ ಆ್ಯಪ್. ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ, ಐಫೋನಿಗೆ ದುಡ್ಡು ಕೊಡಬೇಕು. ಕಾರ್ಡಿನ ಮುಂದೆ ಪದ, ಹಿಂದೆ ಅರ್ಥ. ನೆನಪಾಯಿತಾ ಇಲ್ಲವಾ ಎಂದು ಬಟನ್ ಒತ್ತಬೇಕು. ನೆನಪಿದ್ದರೆ ಅದು ಮತ್ತೆ ಬರುವುದು ಕೆಲವು ದಿನ ಬಿಟ್ಟು, ಆಮೇಲೆ ಕೆಲವು ವಾರ, ಆಮೇಲೆ ತಿಂಗಳು. ಮರೆತರೆ ಕೂಡಲೇ ವಾಪಸ್. ಯಾವಾಗ ಮರೆಯುತ್ತೇವೆ ಎಂಬುದನ್ನು ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಬರೆದಿಟ್ಟಿದ್ದ. ಆ್ಯಪ್ ಹೊಸದು, ಉಪಾಯ ಹಳೇದು.

ನನ್ನ ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ ಎಂದುಕೊಂಡು ಯಾರೋ ಮಾಡಿಟ್ಟ ಸಾವಿರಾರು ಪದಗಳ ಕಟ್ಟನ್ನು ಇಳಿಸಿಕೊಂಡೆ. ಆ್ಯಪ್ ತಾನಾಗಿ ದಿನಕ್ಕೆ 20 ಹೊಸ ಕಾರ್ಡು ಕೊಡುತ್ತದೆ. ನಾನು ಅದನ್ನು ಹಾಗೇ ಬಿಟ್ಟೆ. ಇಲ್ಲಿ ಎಡವಿದೆ. ಹೊಸದು 20 ಇರಬಹುದು, ಹಳೇದು ದಿನಾ ಸೇರುತ್ತಾ ಹೋಗುತ್ತದೆ. ಮೂರು ವಾರದಲ್ಲಿ ದಿನಕ್ಕೆ ನೂರೈವತ್ತು ಕಾರ್ಡು ದಾಟಿತು. ಅಷ್ಟರಲ್ಲಿ ಮನೆಯಲ್ಲಿ ತಮ್ಮನ ಮದುವೆ. ಐದು ದಿನ ಫೋನ್ ತೆಗೆದಿಲ್ಲ. ಆರನೇ ದಿನ ತೆಗೆದರೆ ರಾಶಿ ಕಾರ್ಡು ಸಾಲದವರ ಹಾಗೆ ಬಾಗಿಲಲ್ಲಿ ನಿಂತಿದ್ದವು. ಮುಚ್ಚಿಟ್ಟೆ.

ಇನ್ನೊಂದು ತೊಂದರೆ ನಿಧಾನವಾಗಿ ಗೊತ್ತಾಯಿತು. ಕಾರ್ಡಿನಲ್ಲಿ ಪದ ಕಂಡರೆ ಅರ್ಥ ಫಟ್ ಎಂದು ಬರುತ್ತಿತ್ತು. ಬರೆಯುವಾಗ ಮಾತ್ರ ಆ ಪದ ಬರುತ್ತಲೇ ಇರಲಿಲ್ಲ. ಒಂದು ದಿನ ಮಂಗಳೂರಿನ ಆಫೀಸಿಗೆ ಮೇಲ್ ಬರೆಯಬೇಕಿತ್ತು. ಜೋರು ಮಳೆಯಿಂದ ಗಾಡಿ ಬರಲಿಲ್ಲ, ಅಷ್ಟೇ ವಿಷಯ. ನಾನು ‘ಸ್ಟ್ರಾಂಗ್ ರೈನ್’ ಎಂದು ಬರೆದೆ. ನಮಗೆ ಜೋರು ಒಂದೇ. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ದನಿ. ಇಂಗ್ಲಿಷಿನಲ್ಲಿ ಮಳೆ ಹೆವಿ, ಗಾಳಿ ಸ್ಟ್ರಾಂಗ್, ಜ್ವರ ಹೈ, ದನಿ ಲೌಡ್. ಈ ನಾಲ್ಕು ಪದಗಳೂ ನನಗೆ ಐದನೇ ಕ್ಲಾಸಿನಿಂದ ಗೊತ್ತು. ಯಾವುದು ಯಾವುದರ ಜೊತೆ ಕೂರುತ್ತದೆ ಎಂಬುದು ಗೊತ್ತಿರಲಿಲ್ಲ. ಒಂಟಿ ಪದದ ಕಾರ್ಡು ಅದನ್ನು ಸಾವಿರ ಸಲ ತಿರುವಿದರೂ ಹೇಳುವುದಿಲ್ಲ.

ಫೋನಿನ ಸಿಟ್ಟಿಗೆ ಸ್ವಲ್ಪ ದಿನ ಕಾಗದದ ಕಾರ್ಡನ್ನೂ ಮಾಡಿದೆ. ತಮ್ಮನ ಮದುವೆ ಕಾಗದ ಅರುವತ್ತು ಉಳಿದಿತ್ತು. ಹಿಂಬದಿ ಖಾಲಿ, ಒಳ್ಳೆ ಗಟ್ಟಿ ಕಾಗದ. ಒಂದನ್ನು ನಾಲ್ಕಾಗಿ ಕತ್ತರಿಸಿದೆ. ಮೂರು ಸ್ವೀಟ್ ಬಾಕ್ಸ್. ಮೊದಲನೆಯದನ್ನು ದಿನಾ ನೋಡುವುದು, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ನೆನಪಿದ್ದ ಕಾರ್ಡಿಗೆ ಮುಂದಿನ ಬಾಕ್ಸಿಗೆ ಭಡ್ತಿ, ಮರೆತದ್ದು ಮೊದಲನೆಯದಕ್ಕೆ ವಾಪಸ್. ಇದು ಲೈಟ್ನರ್ ಎಂಬವರು 1972ರಲ್ಲಿ ಹೇಳಿದ ಕ್ರಮ. ಕೈಯಲ್ಲಿ ಬರೆದದ್ದು ಫೋನಿಗಿಂತ ಚೆನ್ನಾಗಿ ಉಳಿಯಿತು ಎಂದೇ ನನ್ನ ಅನಿಸಿಕೆ. ಆದರೆ ಬಸ್ಸಿನಲ್ಲಿ ನಿಂತುಕೊಂಡು ಸ್ವೀಟ್ ಬಾಕ್ಸ್ ತೆರೆಯಲಾಗುವುದಿಲ್ಲ. ಮಳೆಗಾಲದಲ್ಲಿ ಕಾಗದಕ್ಕೆ ಬೂಸಲು ಬೇರೆ.

ಈಗ ನನಗೆ ನಿಜಕ್ಕೂ ಕೆಲಸ ಮಾಡಿದ ದಾರಿ. ಕೇರಳದಲ್ಲಿ ಜೂನ್ 19ನ್ನು ವಾಚನ ದಿನ ಎಂದು ಆಚರಿಸುತ್ತಾರೆ. ಊರೂರಲ್ಲಿ ಗ್ರಂಥಾಲಯ ಕಟ್ಟಿಸಲು ಓಡಾಡಿದ ಪಿ.ಎನ್. ಪಣಿಕ್ಕರ್ ಅವರ ನೆನಪಿಗೆ. ಆವತ್ತು ನಮ್ಮೂರ ಗ್ರಂಥಾಲಯದಲ್ಲಿ ಕಾರ್ಯಕ್ರಮ ಇತ್ತು, ಸುಮ್ನೆ ಹೋಗಿದ್ದೆ. ಮೇಜಿನ ಮೇಲೆ ಮಲಯಾಳ, ಕನ್ನಡ ಪತ್ರಿಕೆಗಳನ್ನು ಎಲ್ಲರೂ ಎಳೆದಾಡುತ್ತಿದ್ದರು. ಇಂಗ್ಲಿಷ್ ಪತ್ರಿಕೆ ಮಡಿಕೆ ಬಿಚ್ಚದೆ ಬಿದ್ದಿತ್ತು. ಮರುದಿನದಿಂದ ಅದು ನನ್ನದಾಯಿತು.

ಮಳೆಗಾಲ ಅಲ್ವಾ, ಕೇರಳದ ಪುಟ ತುಂಬಾ ನೆರೆ ಸುದ್ದಿ. ಒಂದು ಕಡೆ ಮೂರು ಕುಟುಂಬ ‘ಮರೂನ್ಡ್’ ಎಂದಿತ್ತು. ನನಗೆ ಮರೂನ್ ಗೊತ್ತಿದ್ದದ್ದು ಸೀರೆಯ ಬಣ್ಣದಲ್ಲಿ. ಮೂರು ಕುಟುಂಬ ಯಾಕೆ ಕೆಂಪಾದವು ಎಂದು ಎರಡು ಸಲ ಓದಿದೆ. ಸುತ್ತ ನೀರು ನಿಂತು ಹೊರಗೆ ಬರಲಾಗದೆ ಸಿಕ್ಕಿಕೊಂಡವರು ಎಂದು ಅರ್ಥ. ಪಕ್ಕದಲ್ಲೇ ‘ಇನಂಡೇಟೆಡ್’, ಅಂದರೆ ಜಲಾವೃತ. ಈ ಎರಡು ಪದ ಜುಲೈ ಮುಗಿಯುವಷ್ಟರಲ್ಲಿ ಹತ್ತು ಸಲವಾದರೂ ಸಿಕ್ಕಿರಬಹುದು. ಯಾವ ಆ್ಯಪೂ ಕೊಡಲಿಲ್ಲ, ಮಳೆಯೇ ಕೊಟ್ಟಿತು. ‘ಹೆವಿ ರೈನ್’ ಕೂಡ ದಿನಾ ಕಣ್ಣಿಗೆ ಬೀಳುತ್ತಿತ್ತು. ಮತ್ತೆ ನಾನು ಸ್ಟ್ರಾಂಗ್ ರೈನ್ ಬರೆದದ್ದಿಲ್ಲ.

ಸೆಪ್ಟೆಂಬರಿನಲ್ಲಿ ಆಫೀಸಿಗೆ ಒಂದು ಮೇಲ್ ಬಂತು. ಅರ್ಜಿಗಳಿಂದ ತಾವು ‘ಇನಂಡೇಟೆಡ್’ ಆಗಿದ್ದೇವೆ, ಉತ್ತರ ತಡವಾಗುತ್ತದೆ ಎಂದು. ನೀರಿಲ್ಲ, ನೆರೆಯಿಲ್ಲ. ಆದರೂ ನನಗೆ ಒಂದು ಚೂರೂ ತಡೆಯಲಿಲ್ಲ. ನಮ್ಮಲ್ಲೂ ಅರ್ಜಿಗಳ ಮಹಾಪೂರ ಎನ್ನುತ್ತೇವಲ್ಲ, ಅದೇ. ಎರಡು ದಿನದ ಮೇಲೆ ಅದೇ ಪದವನ್ನು ನಾನೂ ಒಂದು ಮೇಲ್‌ನಲ್ಲಿ ಹಾಕಿದೆ. ಯಾರೂ ಗಮನಿಸಲಿಲ್ಲ. ಅಂದರೆ ಸರಿಯಾಗಿತ್ತು.

ಪತ್ರಿಕೆಗೂ ಅದರದೇ ವಕ್ರತೆ ಇದೆ. ತಲೆಬರಹದ ಇಂಗ್ಲಿಷ್ ಬೇರೆಯೇ ಜಾತಿ. ಒಪ್ಪಿಗೆಗೆ ‘ನಾಡ್’, ತನಿಖೆಗೆ ‘ಪ್ರೋಬ್’, ಯೋಚನೆ ಮಾಡುತ್ತಿದೆ ಎನ್ನಲು ‘ಮಲ್ಸ್’. ಜಾಗ ಉಳಿಸಲು ಮಾಡಿಕೊಂಡ ಪದಗಳು. ನಾನು ಒಮ್ಮೆ ರಜೆ ಅರ್ಜಿಯಲ್ಲಿ ‘ಯುವರ್ ನಾಡ್’ ಎಂದು ಬರೆದು ಮೇಲಿನವರನ್ನು ನಗಿಸಿದ್ದೇನೆ. ಆದ್ದರಿಂದ ಪದವನ್ನು ತಲೆಬರಹದಿಂದ ಎತ್ತುವುದಿಲ್ಲ, ಒಳಗಿನ ಸುದ್ದಿಯಿಂದ ಎತ್ತುತ್ತೇನೆ. ಸಂಪಾದಕೀಯ ಓದಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಸರಿಹೋಗಲಿಲ್ಲ. ಒಂದು ಪ್ಯಾರಾದಲ್ಲಿ ಹನ್ನೆರಡು ಹೊಸ ಪದ ಬಂದರೆ ಓದುವುದು ಯಾವಾಗ, ಅರ್ಥ ಹುಡುಕುವುದು ಯಾವಾಗ? ಜಿಲ್ಲೆಯ ಸುದ್ದಿ, ಕ್ರೀಡೆ, ಅಡಿಕೆ ತೆಂಗಿನ ಸುದ್ದಿ ಸಾಕು. ಅಲ್ಲಿ ವಿಷಯ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಪದ ಮಾತ್ರ.

ಅರ್ಥ ನೋಡುವುದಕ್ಕೆ ಇಂಗ್ಲಿಷ್-ಕನ್ನಡ ನಿಘಂಟು ಬೇಕು, ಆದರೆ ಅದೊಂದೇ ಸಾಲುವುದಿಲ್ಲ. ‘ನೋಡು’ ಎಂಬಲ್ಲಿ ಸೀ, ಲುಕ್, ವಾಚ್ ಮೂರೂ ಒಂದೇ ಮನೆಯಲ್ಲಿರುತ್ತವೆ. ಲಾಂಗ್‌ಮನ್‌ನವರು ಕಲಿಯುವವರಿಗೆಂದೇ ಮಾಡಿದ ನಿಘಂಟು ಸುಮಾರು 2000 ಸರಳ ಪದಗಳಲ್ಲೇ ಅರ್ಥ ಹೇಳುತ್ತದೆ, ವಾಕ್ಯವನ್ನೂ ಕೊಡುತ್ತದೆ. ಫೋನಿನಲ್ಲಿ ಪುಕ್ಕಟೆ ನೋಡಬಹುದು. ಮೊದಲು ಅಲ್ಲಿ, ಆಮೇಲೆ ಕನ್ನಡದಲ್ಲಿ. ಕೋಚಿಂಗಿನ ಪೆಟ್ಟು ತಿಂದ ಮೇಲೆ ಈ ಕ್ರಮ ನಾನು ತಪ್ಪಿಸಿದ್ದಿಲ್ಲ.

ಕೊನೆಯದು ಕಿವಿಯ ದಾರಿ. ಕುಂಬಳೆಯಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಅರ್ಧ ಗಂಟೆ, ಹೆದ್ದಾರಿಯಲ್ಲಿ ತಡೆ ಇದ್ದರೆ ಮುಕ್ಕಾಲು. ಬಿಬಿಸಿಯವರ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಹಾಕಿಕೊಳ್ಳುತ್ತೇನೆ. ಇಬ್ಬರು ಮಾತಾಡುತ್ತಾರೆ, ಕೊನೆಗೆ ಆವತ್ತಿನ ಪದಗಳನ್ನು ಮತ್ತೊಮ್ಮೆ ಹೇಳುತ್ತಾರೆ, ಬರಹವೂ ಸಿಗುತ್ತದೆ. ಹೊಸ ಪದ ಇದರಿಂದ ಜಾಸ್ತಿ ಬರಲಿಲ್ಲ. ಕಂಡಕ್ಟರ್ ‘ಮುಂದೆ ಹೋಗಿ, ಮುಂದೆ ಹೋಗಿ’ ಎನ್ನುವಾಗ ಯಾವ ಪದ ಉಳಿದೀತು? ಆದರೆ ಗೊತ್ತಿದ್ದ ಪದಗಳ ಉಚ್ಚಾರ ಸರಿಯಾಯಿತು. ಲೆಕ್ಕಪತ್ರದಲ್ಲೇ ಇದ್ದೂ ನಾನು ‘ಡೆಬ್ಟ್’ ಎನ್ನುತ್ತಿದ್ದೆ. ಅದು ‘ಡೆಟ್’. ‘ರಿಸಿಪ್ಟ್’ ಅಲ್ಲ, ‘ರಿಸೀಟ್’.

ಹೀಗೆ ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಕೂತು ನನಗೆ ನಾನೇ ಪರೀಕ್ಷೆ ಮಾಡಿಕೊಂಡೆ. ಕೋಚಿಂಗ್ ಪಟ್ಟಿ, ದಪ್ಪ ಪುಸ್ತಕ, ಇಳಿಸಿಕೊಂಡ ಕಾರ್ಡು, ಪತ್ರಿಕೆ, ಒಂದೊಂದರಿಂದ ಇಪ್ಪತ್ತು ಪದ. ಅರ್ಥ ಅಲ್ಲ, ಪ್ರತಿ ಪದಕ್ಕೂ ನನ್ನ ಕೆಲಸಕ್ಕೆ ಬೇಕಾದ ಒಂದು ವಾಕ್ಯ ಬರೆಯಬೇಕು. ಪಟ್ಟಿಯಿಂದ ನಾಲ್ಕು ಬಂತು. ಪುಸ್ತಕದಿಂದ ಐದು. ಕಾರ್ಡಿನಿಂದ ಏಳು. ಪತ್ರಿಕೆಯಿಂದ ಹದಿನಾಲ್ಕು. ಪತ್ರಿಕೆಯಲ್ಲಿ ಮರೆತ ಆರು ಪದಗಳನ್ನು ನೋಡಿದರೆ ಅವೆಲ್ಲ ನನಗೆ ಒಂದೊಂದೇ ಸಲ ಸಿಕ್ಕಿದ್ದವು. ಹಾಗಾದರೆ ಅದಕ್ಕೆ ಆ್ಯಪ್ ಬೇಕೇ ಬೇಕು ಎಂದು ಆವತ್ತೇ ಮತ್ತೆ ಆಂಕಿ ತೆರೆದೆ. ಹಳೇ ಕಟ್ಟು ಪೂರಾ ಅಳಿಸಿದೆ.

ಈಗ ಗ್ರಂಥಾಲಯದಲ್ಲಿ ಐದು ಪದ ಎತ್ತುತ್ತೇನೆ, ಪದ ಇದ್ದ ವಾಕ್ಯವನ್ನು ಹಾಗೇ ನೋಟ್‌ಬುಕ್ಕಿಗೆ ಇಳಿಸುತ್ತೇನೆ. ರಾತ್ರಿ ಆ ವಾಕ್ಯ ಕಾರ್ಡಿಗೆ, ಪದದ ಜಾಗದಲ್ಲಿ ಬಿಟ್ಟ ಸ್ಥಳ. ದಿನಕ್ಕೆ ಹೊಸದು ಐದೇ, ಅದನ್ನು ಸೆಟ್ಟಿಂಗಿನಲ್ಲೇ ಕಟ್ಟಿಹಾಕಿದ್ದೇನೆ. ಎಂಟು ನಿಮಿಷದಲ್ಲಿ ಮುಗಿಯುತ್ತದೆ. ಬಸ್ಸಿನಲ್ಲಿ ಬಿಬಿಸಿ.

ಕೋಚಿಂಗ್ ಎಲ್ಲರಿಗೂ ದಂಡ ಎಂದು ಹೇಳಲಾರೆ. ಅಕ್ಕನ ಮಗಳು ಪ್ಲಸ್ ಟು ಓದುತ್ತಾಳೆ. ಗೆಳತಿಯರೆಲ್ಲ ಮಲಯಾಳದವರು, ಜಗಳವನ್ನೂ ಮಲಯಾಳದಲ್ಲೇ ಮಾಡುತ್ತಾಳೆ. ಮೊನ್ನೆ ನನ್ನ ಹಳೇ ನೋಟ್‌ಬುಕ್ ತಿರುವುತ್ತಿದ್ದಳು. ಮೊದಲ ಪುಟದಲ್ಲಿ ನಾನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದನ್ನು ನೋಡಿ ಕೇಳಿದಳು:

‘ಚಿಕ್ಕಮ್ಮ, ಇದಕ್ಕೆ ಯಾಕೆ ತಪ್ಪು ಹಾಕಿದ್ದು? ಆಪರ್ಚುನಿಟಿ ಅಂದರೆ ಅವಸರವೇ ಅಲ್ವಾ?’